ಈ ವರ್ಷ ಏನು ಹೆಣೆಯಬೇಕು, ಏನು ಕಲಿಯಬೇಕು? ನಿಮ್ಮ ಗುರಿ ಹೇಗೆ ಇಟ್ಟುಕೊಳ್ಳುತ್ತೀರಿ?

ನೂಲುಂಡೆ

ಹೋದ ವರ್ಷ ಜನವರಿಯಲ್ಲಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 24 ಹೆಸರು ಬರೆದಿದ್ದೆ. ತಿಂಗಳಿಗೆ ಎರಡು ಮುಗಿಸಬೇಕು ಅಂತ ಲೆಕ್ಕ. ಆರು ಜೊತೆ ಕಾಲುಚೀಲ, ಮೂರು ಸ್ವೆಟರ್, ಕ್ರೋಶಾದಲ್ಲಿ (ಒಂದೇ ಕೊಕ್ಕೆಯಲ್ಲಿ ಹೆಣೆಯುವುದು) ಒಂದು ದೊಡ್ಡ ಹೊದಿಕೆ, ಎರಡು ಶಾಲು, ಉಳಿದದ್ದೆಲ್ಲ ಟೋಪಿ, ಗೊಂಬೆ. ಡಿಸೆಂಬರ್ ಕೊನೆಗೆ ಎಣಿಸಿದಾಗ ಮುಗಿದದ್ದು ಏಳು. ಅದರಲ್ಲಿ ಐದು ಟೋಪಿ.

ಟೋಪಿ ಬೇಗ ಮುಗಿಯುತ್ತೆ. ಪಟ್ಟಿಯಲ್ಲಿ ಗೀಟು ಹೊಡೆಯುವ ಆಸೆಗೆ ಅದನ್ನೇ ಹೆಣೆಯುತ್ತಾ ಹೋದೆ. ಆದರೆ ನನಗೆ ನಿಜವಾಗಿ ಬೇಕಿದ್ದದ್ದು ಒಂದು ಕಾರ್ಡಿಗನ್. ಅದು ತೋಳಿಲ್ಲದೆ ಚೀಲದಲ್ಲೇ ಇದೆ. ಕಾಲುಚೀಲ ಒಂದು ಕಾಲಿಗೆ ಆಗಿದೆ, ಇನ್ನೊಂದಕ್ಕೆ ಕಡ್ಡಿಯ ಮೇಲೆ ಸ್ಟಿಚ್ (ನೂಲಿನ ಕುಣಿಕೆ) ಕೂಡ ಹಾಕಿಲ್ಲ. ಹೊದಿಕೆ 40ನೇ ಸಾಲಿಗೆ ನಿಂತಿದೆ.

ಈ ವರ್ಷ ಬೇರೆ ಥರ ಮಾಡಬೇಕು ಅಂತಿದ್ದೇನೆ. ನೀವು ವಸ್ತು ಎಣಿಸುತ್ತೀರಾ, ಖಾಲಿಯಾದ ನೂಲು ಲೆಕ್ಕ ಇಡುತ್ತೀರಾ, ಅಥವಾ ಹೊಸದಾಗಿ ಏನಾದರೂ ಕಲಿಯುವುದನ್ನೇ ಗುರಿ ಮಾಡುತ್ತೀರಾ? ದಯವಿಟ್ಟು ನಿಮ್ಮ ಅನುಭವ ಹೇಳಿ.

ಎರಡು_ಕಡ್ಡಿ

ಎಣಿಸಬೇಡಿ. ಎಣಿಸಿದ ದಿನದಿಂದ ಕೈ ಸಣ್ಣ ಕೆಲಸದ ಕಡೆಗೇ ಹೋಗುತ್ತೆ. ನಿಮಗೆ ಆಗಿದ್ದೂ ಅದೇ.

ನಾನು ಹೆಣೆಯಲು ಶುರು ಮಾಡಿ 30 ವರ್ಷದ ಮೇಲಾಯಿತು. ಈಗ ವರ್ಷಕ್ಕೆ ಮೂರೇ ಮಾತು ಬರೆದುಕೊಳ್ಳುತ್ತೇನೆ. ಒಂದು, ಕೈಗೆ ಬಾರದ್ದೇನಾದರೂ ಕಲಿಯಬೇಕು. ಎರಡು, ಅರ್ಧಕ್ಕೆ ನಿಂತದ್ದೊಂದು ಮುಗಿಯಬೇಕು. ಮೂರು, ನಾನೇ ಹಾಕಿಕೊಳ್ಳುವಂಥದ್ದೊಂದು ಆಗಬೇಕು. ಮಿಕ್ಕಿದ್ದು ಮನಸ್ಸು ಬಂದ ಹಾಗೆ. ಹೋದ ವರ್ಷ ಕಲಿತದ್ದು ಎಡಗೈಯಲ್ಲಿ ನೂಲು ಹಿಡಿಯುವುದು. ಮೊದಲ ಎರಡು ವಾರ ಅಳುವೇ ಬಂತು. ಈಗ ಎರಡು ಬಣ್ಣದ ಹೆಣಿಗೆಯಲ್ಲಿ ಬಲಗೈಗೊಂದು ಬಣ್ಣ, ಎಡಗೈಗೊಂದು ಬಣ್ಣ. ನೂಲು ಒಂದಕ್ಕೊಂದು ಸುತ್ತಿಕೊಳ್ಳುವ ಗೋಳೇ ಇಲ್ಲ.

ಲೆಕ್ಕದ_ಸಾಲು

ಎಣಿಸಬೇಡಿ ಅನ್ನುವುದನ್ನು ನಾನು ಒಪ್ಪಲ್ಲ. ಎಣಿಸಬೇಕು, ಆದರೆ ವಸ್ತುವನ್ನಲ್ಲ, ಗಂಟೆಯನ್ನು.

ನನ್ನ ಲೆಕ್ಕ ಹೇಳುತ್ತೇನೆ. ಮೊದಲು ನನ್ನ ವೇಗ ನೋಡಿಕೊಂಡೆ. ಗಡಿಯಾರ ಇಟ್ಟುಕೊಂಡು 10 ನಿಮಿಷ ಹೆಣೆದೆ, ಎಣಿಸಿದೆ. ಪ್ಲೇನ್ ಹೆಣಿಗೆಯಲ್ಲಿ ನಿಮಿಷಕ್ಕೆ ಸುಮಾರು 25 ಸ್ಟಿಚ್ ಬಂತು.

ಕಾಲುಚೀಲ ತಗೊಳ್ಳಿ. ಸುತ್ತಿಗೆ 64 ಸ್ಟಿಚ್, ಹಿಮ್ಮಡಿ ಎಲ್ಲ ಸೇರಿ ಸುಮಾರು 190 ಸುತ್ತು. ಒಂದಕ್ಕೆ 12,000ಕ್ಕಿಂತ ಸ್ವಲ್ಪ ಜಾಸ್ತಿ ಸ್ಟಿಚ್. ಜೊತೆಗೆ 24,000. ನನ್ನ ವೇಗಕ್ಕೆ 16 ಗಂಟೆ.

ಸ್ವೆಟರ್ ನೋಡಿ. 10 ಸೆಂ.ಮೀಗೆ 22 ಸ್ಟಿಚ್, 30 ಸಾಲು ಬರುವ ನೂಲು. ಎದೆ ಸುತ್ತಳತೆ 100 ಸೆಂ.ಮೀ ಅಂದರೆ 220 ಸ್ಟಿಚ್. ಉದ್ದ 60 ಸೆಂ.ಮೀ ಅಂದರೆ 180 ಸಾಲು. ಮೈ ಭಾಗಕ್ಕೇ 39,600 ಸ್ಟಿಚ್. ಎರಡು ತೋಳಿಗೆ ಇನ್ನೊಂದು 16,000. ಒಟ್ಟು ಸುಮಾರು 56,000. ಅಂದರೆ 37 ಗಂಟೆ.

ದಿನಕ್ಕೆ ಅರ್ಧ ಗಂಟೆ ಕೂತರೆ ವರ್ಷಕ್ಕೆ ಸಿಗುವುದು 182 ಗಂಟೆ. ನೂಲುಂಡೆ ಅವರೇ, ನಿಮ್ಮ ಪಟ್ಟಿಯ ಮೂರು ಸ್ವೆಟರ್, ಆರು ಜೊತೆ ಕಾಲುಚೀಲ ಇಷ್ಟಕ್ಕೇ 207 ಗಂಟೆ ಬೇಕಿತ್ತು. ಹೊದಿಕೆ, ಶಾಲು ಇನ್ನೂ ಮುಟ್ಟೇ ಇಲ್ಲ. ನೀವು ಸೋಮಾರಿತನ ಮಾಡಿಲ್ಲ. ಪಟ್ಟಿಯೇ ವರ್ಷಕ್ಕಿಂತ ದೊಡ್ಡದಿತ್ತು.

ನೂಲುಂಡೆ

ಇದನ್ನು ಎರಡು ಸಲ ಓದಿದೆ. ವರ್ಷವಿಡೀ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ತುಂಬಾ ಥ್ಯಾಂಕ್ಸ್.

ಅಂಚುಪಟ್ಟಿ

ಲೆಕ್ಕ ಚೆನ್ನಾಗಿದೆ, ಆದರೆ ಬಿಚ್ಚುವ ಹೊತ್ತು ಎಲ್ಲಿ? ಹೊಲಿದು ಜೋಡಿಸುವುದು, ನೂಲಿನ ತುದಿ ಒಳಗೆ ಸೇರಿಸುವುದು, ತೊಳೆದು ಹರಡುವುದು? 182ರಲ್ಲಿ ಕಾಲು ಭಾಗ ಅದಕ್ಕೇ ತೆಗೆದಿಡಿ. ಉಳಿಯುವುದು 136 ಗಂಟೆ. ಎರಡು ಸ್ವೆಟರ್, ಮೂರು ಜೊತೆ ಕಾಲುಚೀಲ ಅದರೊಳಗೆ ಹಿಡಿಸುತ್ತೆ. ಅಷ್ಟೇ.

ಲೆಕ್ಕದ_ಸಾಲು

ಒಪ್ಪಿದೆ. ಅದನ್ನು ಸೇರಿಸಬೇಕಿತ್ತು.

ಕೊಕ್ಕೆಕೈ

ನೀವೆಲ್ಲ ಎರಡು ಕಡ್ಡಿಯವರ ಮಾತೇ ಆಡುತ್ತಿದ್ದೀರಿ. ಕ್ರೋಶಾದವರಿಗೆ ಈ ಲೆಕ್ಕ ಹೊಂದಲ್ಲ. ಒಂದು ಉದ್ದ ಸ್ಟಿಚ್ಚಿನಲ್ಲೇ ಸಾಲು ಒಂದೂವರೆ ಸೆಂ.ಮೀ ಏರುತ್ತೆ. ಹೊದಿಕೆ ಬೇಗ ಬೆಳೆಯುತ್ತೆ, ನೂಲೂ ಜಾಸ್ತಿ ತಿನ್ನುತ್ತೆ. ನಮಗೆ ಚೌಕದ ಗುರಿಯೇ ಸರಿ.

ನಾನು ಹೋದ ವರ್ಷ ವಾರಕ್ಕೊಂದು ಗ್ರ್ಯಾನಿ ಸ್ಕ್ವೇರ್, ಅಂದರೆ ನಡುವಿನಿಂದ ಸುತ್ತಿ ಬೆಳೆಸುವ ಚೌಕ, ಹಾಕಿದೆ. ಭಾನುವಾರ ಬೆಳಿಗ್ಗೆ, ಒಂದೇ ಒಂದು. ಯಾವ ವಾರವೂ ಭಾರ ಅನ್ನಿಸಲಿಲ್ಲ. ಒಂದು ಮಾತು ನೆನಪಿಡಿ. ವರ್ಷಕ್ಕೆ 52 ಚೌಕ ಆಗುತ್ತೆ, ಆದರೆ 52 ಜೋಡಿಸಿದರೆ 4ಕ್ಕೆ 13, ಉದ್ದನೆ ಪಟ್ಟಿ ಆಗಿಬಿಡುತ್ತೆ. ಎರಡು ಜಾಸ್ತಿ ಹಾಕಿ 54 ಮಾಡಿ. 6ಕ್ಕೆ 9. ಚೌಕ 15 ಸೆಂ.ಮೀ ಇದ್ದರೆ 90ಕ್ಕೆ 135 ಸೆಂ.ಮೀ ಹೊದಿಕೆ, ಕಾಲಿನ ಮೇಲೆ ಹೊದ್ದು ಕೂರಲು ಸರಿಯಾಗುತ್ತೆ.

ಹೊಸಕೈ

ನಾನು ಹೆಣೆಯಲು ಕಲಿತು ಆರು ತಿಂಗಳು. ಈ ವರ್ಷ ಟೆಂಪರೇಚರ್ ಬ್ಲಾಂಕೆಟ್ ಮಾಡಬೇಕು ಅಂತ ತುಂಬಾ ಆಸೆ. ದಿನಕ್ಕೊಂದು ಸಾಲು, ಆ ದಿನದ ಬಿಸಿಲು-ಚಳಿ ನೋಡಿ ಬಣ್ಣ. ಮೊದಲ ವರ್ಷಕ್ಕೆ ಇದು ಜಾಸ್ತಿ ಆಗುತ್ತಾ?

ಲೆಕ್ಕದ_ಸಾಲು

ಲೆಕ್ಕ ಹಾಕೋಣ. 10 ಸೆಂ.ಮೀಗೆ 30 ಸಾಲು ಅಂದರೆ 365 ಸಾಲಿಗೆ 122 ಸೆಂ.ಮೀ ಉದ್ದ. ಅಗಲ 150 ಸೆಂ.ಮೀ ಬೇಕಾದರೆ ಸಾಲಿಗೆ 330 ಸ್ಟಿಚ್. ನನ್ನ ವೇಗಕ್ಕೆ ದಿನಕ್ಕೆ 13 ನಿಮಿಷ, ವರ್ಷಕ್ಕೆ 80 ಗಂಟೆ. ಆಗದ ಕೆಲಸವೇನಲ್ಲ. ಆದರೆ ವರ್ಷದ ಅರ್ಧ ಹೊತ್ತು ಇದಕ್ಕೇ ಹೋಗುತ್ತೆ ಅಂತ ತಿಳಿದು ಶುರು ಮಾಡಿ.

ಕ್ರೋಶಾದಲ್ಲಿ ಮಾಡುವುದಾದರೆ ಸಾಲಿನ ಎತ್ತರ ಮೊದಲೇ ನೋಡಿ. ಗಿಡ್ಡ ಸ್ಟಿಚ್ಚಿನಲ್ಲಿ 10 ಸೆಂ.ಮೀಗೆ 18 ಸಾಲು ಬಂದರೆ ಎರಡು ಮೀಟರ್ ಆಗುತ್ತೆ, ಸರಿ. ಕೊಕ್ಕೆಕೈ ಹೇಳಿದ ಒಂದೂವರೆ ಸೆಂ.ಮೀ ಸ್ಟಿಚ್ಚಿನಲ್ಲಿ ಹೋದರೆ ಐದೂವರೆ ಮೀಟರ್!

ಹಸಿರೆಳೆ

ತುದಿಗಳ ಬಗ್ಗೆ ಯಾರೂ ಹೇಳಲಿಲ್ಲ. ದಿನಾ ಬಣ್ಣ ಬದಲಾದರೆ 365 ಸಾಲಿಗೆ 730 ತುದಿ. ಒಂದಕ್ಕೆ ಒಂದು ನಿಮಿಷ ಅಂದರೂ 12 ಗಂಟೆ. ನಾನು ಇದನ್ನು ಡಿಸೆಂಬರ್‌ಗೆ ಬಿಟ್ಟುಕೊಂಡೆ. ಹೊದಿಕೆಯ ಒಂದು ಪಕ್ಕ ಪೂರ್ತಿ ಜೊಂಪೆ ಜೊಂಪೆ ನೂಲು ನೇತಾಡುತ್ತಿತ್ತು. ಒಂದು ಎಳೆದರೆ ಇನ್ನೊಂದು ಬರುತ್ತಿತ್ತು. ದಯವಿಟ್ಟು ಆಯಾ ವಾರದ ತುದಿ ಆಯಾ ವಾರವೇ ಸೇರಿಸಿ.

ಇನ್ನೊಂದು. ದಿನಾ ಹೆಣೆಯಲೇಬೇಕು ಅಂತಿಲ್ಲ. ದಿನಾ ಬರೆದಿಡಿ, ವಾರಕ್ಕೊಮ್ಮೆ ಏಳು ಸಾಲು ಹೆಣೆಯಿರಿ.

ಮೂರನೇ_ಸುತ್ತು

@ಹೊಸಕೈ ಬೇಡ ಅಂತ ಯಾರಾದರೂ ಹೇಳಿದರೂ ಕೇಳಬೇಡಿ. ನನ್ನ ಮೊದಲ ದೊಡ್ಡ ಕೆಲಸವೇ ಅದು. ಮಾರ್ಚ್ ತಿಂಗಳ ಸಾಲುಗಳಲ್ಲಿ ಅಂಚು ಸೊಟ್ಟಗಿದೆ, ಅಕ್ಟೋಬರ್ ಹೊತ್ತಿಗೆ ನೆಟ್ಟಗಾಗಿದೆ. ನನ್ನ ಕೈ ಪಳಗಿದ್ದು ಆ ಹೊದಿಕೆಯಲ್ಲಿ ಕಣ್ಣಿಗೇ ಕಾಣುತ್ತೆ. ನನಗೆ ಅದಕ್ಕಿಂತ ಪ್ರೀತಿಯ ವಸ್ತು ಇನ್ನೊಂದಿಲ್ಲ.

ಬಣ್ಣದ ಹಂತ ಮಾತ್ರ ಯೋಚಿಸಿ ಇಡಿ. ನಿಮ್ಮ ಕಡೆ ವರ್ಷವಿಡೀ ಬಿಸಿಲು ಹೆಚ್ಚು ಏರಿಳಿಯದಿದ್ದರೆ ಐದು ಡಿಗ್ರಿಗೊಂದು ಬಣ್ಣ ಇಟ್ಟರೆ ಮೂರೇ ಬಣ್ಣದಲ್ಲಿ ವರ್ಷ ಮುಗಿಯುತ್ತೆ. ಆಗ ಎರಡು ಡಿಗ್ರಿಗೊಂದು ಇಡಿ. ಹೋದ ವರ್ಷದ ಗರಿಷ್ಠ, ಕನಿಷ್ಠ ನೋಡಿಕೊಂಡು ಶುರು ಮಾಡಿದರೆ ಒಳ್ಳೇದು.

ಹೊಸಕೈ

ಮಾಡೇ ಮಾಡುತ್ತೇನೆ. ಅಗಲ 100 ಸೆಂ.ಮೀಗೆ ಇಳಿಸುತ್ತೇನೆ, ತುದಿ ವಾರವಾರ.

ಬಿಚ್ಚಿಹೆಣೆ

ನೂಲುಂಡೆ ಅವರ ಕಾರ್ಡಿಗನ್ ವಿಷಯಕ್ಕೆ ಬರುತ್ತೇನೆ. ಅರ್ಧ ನಿಂತದ್ದೆಲ್ಲ ಮುಗಿಸಲೇಬೇಕಾ? ನನಗೆ ಹಾಗನ್ನಿಸಲ್ಲ. ಹೋದ ವರ್ಷ ನನ್ನ ಒಂದೇ ಗುರಿ ಇದ್ದದ್ದು: ಅರ್ಧಕ್ಕೆ ನಿಂತ ಪ್ರತಿಯೊಂದಕ್ಕೂ ಒಂದು ತೀರ್ಮಾನ ಮಾಡುವುದು. ಮುಗಿಸು, ಇಲ್ಲ ಬಿಚ್ಚು.

ಒಂಬತ್ತು ಇದ್ದವು. ಒಂದೊಂದನ್ನೇ ಮಂಚದ ಮೇಲೆ ಹರಡಿ ಕೇಳಿಕೊಂಡೆ: ಇದು ಇವತ್ತೇ ಮುಗಿದು ಕೈಗೆ ಬಂದರೆ ಹಾಕಿಕೊಳ್ಳುತ್ತೀನಾ? ನಾಲ್ಕಕ್ಕೆ ಹೌದು ಅಂತ ಬಂತು. ಐದನ್ನು ಬಿಚ್ಚಿದೆ.

ಅದರಲ್ಲೊಂದು ನೀಲಿ ಸ್ವೆಟರ್. ಮೂರು ವರ್ಷದಿಂದ ಇಟ್ಟಿದ್ದೆ. ಕತ್ತರಿ ಹಿಡಿದು ಮೊದಲ ಗಂಟು ಕತ್ತರಿಸುವಾಗ ಕೈ ನಡುಗಿತು. ಆಮೇಲೆ ನೂಲು ಸರಸರ ಬಂತು. ಅದು ನೆಟ್ಟಗಿರಲ್ಲ, ಸಣ್ಣ ಸಣ್ಣ ಸುರುಳಿ, ಗುಂಗುರು ಕೂದಲ ಹಾಗೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿದೆ, ನಾಲ್ಕು ಕಡೆ ಸಡಿಲವಾಗಿ ಕಟ್ಟಿದೆ, ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿದೆ. ಹಿಂಡದೆ ಟವೆಲ್ಲಿನಲ್ಲಿ ಒತ್ತಿ ನೆರಳಿಗೆ ಹಾಕಿದೆ. ಮಾರನೇ ದಿನಕ್ಕೆ ಉಣ್ಣೆ ಹೊಸದರ ಹಾಗೆ ನೆಟ್ಟಗಾಗಿತ್ತು. ಅದೇ ನೂಲಿನಲ್ಲಿ ಈಗ ನಾನು ದಿನಾ ಹೊದೆಯುವ ಶಾಲು ಇದೆ.

ಎರಡು_ಕಡ್ಡಿ

"ಇವತ್ತೇ ಮುಗಿದು ಕೈಗೆ ಬಂದರೆ ಹಾಕಿಕೊಳ್ಳುತ್ತೀನಾ" ಅನ್ನುವುದು ಬಹಳ ಒಳ್ಳೆ ಪ್ರಶ್ನೆ. ಬರೆದಿಟ್ಟುಕೊಂಡೆ.

ಕೊಕ್ಕೆಕೈ

ಅಕ್ರಿಲಿಕ್ ಆದರೆ ನೀರಿಗೆ ಅಷ್ಟು ಬಗ್ಗಲ್ಲ. ಹಬೆ ಬೇಕು. ಅದೂ ದೂರದಿಂದ. ಹತ್ತಿರ ಹಿಡಿದರೆ ನೂಲು ಸತ್ತು ಜೋತುಬೀಳುತ್ತೆ, ಮತ್ತೆ ಸರಿಯಾಗಲ್ಲ.

ನೂಲುಂಡೆ

ಕಾರ್ಡಿಗನ್ ತೆಗೆದು ಹರಡಿ ನೋಡಿದೆ. ಉತ್ತರ ಹೌದು ಅಂತ ಬಂತು, ಆದರೆ ಒಂದು ತೊಂದರೆ. ಎದೆ ಹತ್ತಿರ ದೊಗಳೆ ಇದೆ. ಪ್ಯಾಟರ್ನ್ ಹೇಳಿದ ಸೈಜನ್ನೇ ಹೆಣೆದಿದ್ದೆ. ಸ್ವಾಚ್, ಅಂದರೆ ಅಳತೆ ನೋಡಲು ಮೊದಲು ಹೆಣೆಯುವ ಸಣ್ಣ ತುಂಡು, ಹಾಕಿರಲಿಲ್ಲ.

ತಾಳ್ಮೆ64

ಅಲ್ಲೇ ಆಗಿರುವುದು ನೋಡಿ. ಪ್ಯಾಟರ್ನ್ 10 ಸೆಂ.ಮೀಗೆ 22 ಸ್ಟಿಚ್ ಕೇಳಿ, ನಿಮ್ಮ ಕೈಯಲ್ಲಿ 20 ಬಂದರೆ, 220 ಸ್ಟಿಚ್ 100 ಸೆಂ.ಮೀ ಆಗುವ ಬದಲು 110 ಆಗುತ್ತೆ. ಎರಡೇ ಸ್ಟಿಚ್ಚಿನ ವ್ಯತ್ಯಾಸ, ಇಡೀ ಒಂದು ಸೈಜ್ ದೊಡ್ಡದು. "ಪ್ರತಿ ಬಟ್ಟೆಗೂ ಸ್ವಾಚ್" ಅನ್ನುವುದೇ ವರ್ಷದ ಗುರಿ ಆಗಲಿ.

ಮೂರನೇ_ಸುತ್ತು

ನಾನು ಸ್ವಾಚ್ ಹಾಕಲ್ಲ. ಟೋಪಿಗೆ, ಶಾಲಿಗೆ ಏನಕ್ಕೆ? ಸುಮ್ನೆ ಹೊತ್ತು.

ತಾಳ್ಮೆ64

ಶಾಲಿಗೆ ಬೇಡ, ಒಪ್ಪುತ್ತೇನೆ. ಮೈಗೆ ಕೂರಬೇಕಾದ್ದಕ್ಕೆ ಬೇಕೇ ಬೇಕು. ಅದನ್ನೂ ಸರಿಯಾಗಿ ಮಾಡಬೇಕು. ತುಂಬ ಜನ 10 ಸೆಂ.ಮೀ ತುಂಡು ಹೆಣೆದು ಅಂಚಿನಿಂದ ಅಂಚಿಗೆ ಅಳೆಯುತ್ತಾರೆ. ಅಂಚಿನ ಸ್ಟಿಚ್ ಯಾವತ್ತೂ ಸುಳ್ಳು ಹೇಳುತ್ತೆ. 15 ಸೆಂ.ಮೀ ಹೆಣೆದು, ತೊಳೆದು, ಒಣಗಿಸಿ, ನಡುವಿನ 10 ಸೆಂ.ಮೀ ಅಳೆಯಿರಿ. ಸೂಪರ್‌ವಾಶ್ ಉಣ್ಣೆ (ಯಂತ್ರದಲ್ಲಿ ತೊಳೆಯಬಹುದಾದದ್ದು) ತೊಳೆದ ಮೇಲೆ ಹಿಗ್ಗುತ್ತೆ, ಅದು ಕಡ್ಡಿಯ ಮೇಲಿರುವಾಗ ಗೊತ್ತೇ ಆಗಲ್ಲ. ಸುತ್ತಿನಲ್ಲಿ ಹೆಣೆಯುವ ಬಟ್ಟೆಗೆ ಸುತ್ತಿನಲ್ಲೇ ಸ್ವಾಚ್. ತುಂಬ ಜನಕ್ಕೆ ಪರ್ಲ್ (ಉಲ್ಟಾ) ಸಾಲು ನಿಟ್ (ಸೀದಾ) ಸಾಲಿಗಿಂತ ಸಡಿಲ ಬರುತ್ತೆ, ಸುತ್ತಿನ ಪ್ಲೇನ್ ಹೆಣಿಗೆಯಲ್ಲಿ ಪರ್ಲ್ ಬರುವುದೇ ಇಲ್ಲ.

ಅಂಚುಪಟ್ಟಿ

ಸ್ವೆಟರ್ ಲೆಕ್ಕ ಬಂದದ್ದರಿಂದ ಹೇಳುತ್ತೇನೆ. ಈ ವರ್ಷ ನನ್ನ ಗುರಿ, ಪ್ಯಾಟರ್ನ್ ಇಲ್ಲದೆ ಒಂದು ಸ್ವೆಟರ್. ಹೆಣಿಗೆಯ ಗುರು ಎಲಿಜಬೆತ್ ಝಿಮ್ಮರ್‌ಮನ್ (1910–1999) ಹೇಳಿಕೊಟ್ಟ ಶೇಕಡಾ ಪದ್ಧತಿ ಗೊತ್ತಲ್ವಾ? ಮೈ ಸುತ್ತಿನ ಸ್ಟಿಚ್ಚನ್ನು 100 ಅಂತ ಇಟ್ಟುಕೊಳ್ಳಿ. ಮಣಿಕಟ್ಟಿಗೆ ಅದರ 20, ತೋಳಿನ ಮೇಲ್ಭಾಗಕ್ಕೆ 33ರಿಂದ 35, ಕುತ್ತಿಗೆಗೆ 40. ಮೈಗೆ 220 ಸ್ಟಿಚ್ ಆದರೆ ಮಣಿಕಟ್ಟಿಗೆ 44, ಮೇಲ್ತೋಳಿಗೆ 75ರ ಹತ್ತಿರ, ಕುತ್ತಿಗೆಗೆ 88. ನಿಮ್ಮ ಸ್ವಾಚ್ ಒಂದು ಸರಿ ಇದ್ದರೆ ಯಾವ ನೂಲಿಗೂ ಹೊಂದುತ್ತೆ. ತಾಳ್ಮೆ64 ಹೇಳಿದ್ದು ಅದಕ್ಕೇ ಮುಖ್ಯ.

ಎರಡು_ಕಡ್ಡಿ

ಝಿಮ್ಮರ್‌ಮನ್ ಅವರ ಪೈ ಶಾಲನ್ನೂ (ನಡುವಿನಿಂದ ಹೆಣೆಯುವ ಗುಂಡಗಿನ ಶಾಲು) ಮಾಡಿ ನೋಡಿ. ಹೊಸಬರಿಗೂ ಆಗುತ್ತೆ. 9 ಸ್ಟಿಚ್ಚಿನಿಂದ ಶುರು. 18 ಮಾಡಿ 3 ಸುತ್ತು, 36 ಮಾಡಿ 6 ಸುತ್ತು, 72 ಮಾಡಿ 12 ಸುತ್ತು, 144 ಮಾಡಿ 24 ಸುತ್ತು, 288 ಮಾಡಿ 48 ಸುತ್ತು, ಆಮೇಲೆ 576. ವೃತ್ತದ ತ್ರಿಜ್ಯ ಎರಡು ಪಟ್ಟಾದರೆ ಸುತ್ತಳತೆಯೂ ಎರಡು ಪಟ್ಟು, ಇಷ್ಟೇ ಗುಟ್ಟು. ಒಂದು ಸುತ್ತಿನಲ್ಲಿ ಸ್ಟಿಚ್ ಹೆಚ್ಚಿಸಿದರೆ ಮುಂದಿನ 24 ಸುತ್ತು ಏನೂ ಎಣಿಸದೆ ಹೆಣೆಯಬಹುದು. ಮಧ್ಯದಲ್ಲಿ ಯಾವ ಲೇಸ್ ಬೇಕಾದರೂ ಹಾಕಿಕೊಳ್ಳಿ. ಸ್ಟಿಚ್ ಹೆಚ್ಚಿಸುವ ಪ್ರತಿ ಸುತ್ತಿಗೂ ಮೊದಲು ಕಡ್ಡಿಯ ಮೇಲಿನ ಎಲ್ಲ ಸ್ಟಿಚ್ಚಿನೊಳಗೆ ಒಂದು ತೆಳು ದಾರ ಪೋಣಿಸಿ ಬಿಡಿ. ತಪ್ಪಾದರೆ ಅಲ್ಲಿವರೆಗೆ ಮಾತ್ರ ಬಿಚ್ಚಬೇಕಾಗುತ್ತೆ.

ಹೊಸಕೈ

ದಾರ ಯಾವುದು? ಹೊಲಿಗೆ ದಾರ ಆಗುತ್ತಾ?

ಎರಡು_ಕಡ್ಡಿ

ಆಗುತ್ತೆ. ನಯವಾದದ್ದು, ಬೇರೆ ಬಣ್ಣದ್ದು ಇರಲಿ. ಗುಂಜು ಇರುವ ದಾರ ಬೇಡ, ಎಳೆಯುವಾಗ ಸಿಕ್ಕಿಕೊಳ್ಳುತ್ತೆ.

ಉಳಿದೆಳೆ

ನನ್ನ ಗುರಿ ಒಂದೇ. ಹೊಸ ನೂಲು ತರಬಾರದು. ಇದ್ದದ್ದು ಖಾಲಿ ಆಗಬೇಕು.

ಹೇಗೆ ಲೆಕ್ಕ ಇಡುತ್ತೇನೆ ಅಂದರೆ, ಅಡುಗೆಮನೆಯ ತೂಕದ ಯಂತ್ರದಲ್ಲಿ ಪ್ರತಿ ಉಂಡೆಯನ್ನೂ ತೂಗಿ ಮೀಟರ್‌ಗೆ ಬದಲಾಯಿಸುತ್ತೇನೆ. 100 ಗ್ರಾಂಗೆ 400 ಮೀಟರ್ ಇರುವ ಕಾಲುಚೀಲದ ನೂಲು 37 ಗ್ರಾಂ ಉಳಿದಿದ್ದರೆ 148 ಮೀಟರ್. ಅದು ಒಂದು ಮಗುವಿನ ಕಾಲುಚೀಲಕ್ಕೆ ಸಾಕು. ಹೀಗೆ ಎಲ್ಲ ಬರೆದಾಗ ಕಪಾಟಿನಲ್ಲಿ 14,000 ಮೀಟರ್ ಇತ್ತು. ವರ್ಷಕ್ಕೆ 5,000 ಇಳಿಸುವುದು ಅಂತ ಇಟ್ಟುಕೊಂಡೆ. ಇಳಿಯುತ್ತಿರುವ ಅಂಕೆ ನೋಡಿದರೆ ಮನಸ್ಸಿಗೆ ಎಷ್ಟು ಹಗುರ ಅನ್ನಿಸುತ್ತೆ ಗೊತ್ತಾ.

ಹಸಿರೆಳೆ

ಪೂರ್ತಿ ಬಂದ್ ಮಾಡಬೇಡಿ. ನಾನು ಹಾಗೆ ಮಾಡಿ, ಸ್ವೆಟರಿನ ಕೊನೇ ತೋಳಿಗೆ ಒಂದು ಉಂಡೆ ಕಮ್ಮಿ ಬಿದ್ದರೂ ತರದೆ ಕೂತೆ. ಆರು ತಿಂಗಳ ಮೇಲೆ ಹೋದರೆ ಆ ಡೈ ಲಾಟ್ (ಒಂದೇ ಸಲ ಬಣ್ಣ ಹಾಕಿದ ನೂಲು) ಮುಗಿದಿತ್ತು. ಹೊಸ ಲಾಟಿನ ಬಣ್ಣ ಒಂದು ಕೂದಲೆಳೆ ತಿಳಿ. ತೋಳಿನ ನಡುವೆ ಗೆರೆ ಎಳೆದ ಹಾಗೆ ಕಾಣುತ್ತೆ. ಶುರು ಮಾಡಿದ್ದನ್ನು ಮುಗಿಸಲು ತರಬಹುದು ಅಂತ ಒಂದು ರಿಯಾಯಿತಿ ಇರಲಿ.

ಅಂಚುಪಟ್ಟಿ

ಬೇರೆ ಲಾಟ್ ಸೇರಿಸಲೇಬೇಕಾದಾಗ ಎರಡೆರಡು ಸಾಲು ಹಳೇದು, ಎರಡೆರಡು ಸಾಲು ಹೊಸದು ಮಾಡಿ. ಗೆರೆ ಕಾಣಲ್ಲ.

ಉಳಿದೆಳೆ

ಈ ರಿಯಾಯಿತಿ ಸೇರಿಸಿಕೊಳ್ಳುತ್ತೇನೆ, ಸರಿಯಾದ ಮಾತು.

ತಾಳ್ಮೆ64

ಕಪಾಟು ತೆಗೆದಿದ್ದೀರಿ ಅಂದಮೇಲೆ ನುಸಿ ನೋಡಿದಿರಾ? ಉಣ್ಣೆ ತಿನ್ನುವುದು ಹಾರಾಡುವ ಪತಂಗ ಅಲ್ಲ, ಅದರ ಮರಿಹುಳ. ಕತ್ತಲಲ್ಲಿ, ಯಾರೂ ಮುಟ್ಟದ ಜಾಗದಲ್ಲಿ ಬೆಳೆಯುತ್ತೆ. ಅನುಮಾನ ಬಂದ ಉಂಡೆಯನ್ನು ಗಾಳಿಯಾಡದ ಕವರಿನಲ್ಲಿ ಕಟ್ಟಿ ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಕವರ್ ತಕ್ಷಣ ಬಿಚ್ಚಬೇಡಿ, ತಣ್ಣಗಿನ ನೂಲಿನ ಮೇಲೆ ನೀರು ಕೂರುತ್ತೆ.

ಉಳಿದೆಳೆ

ಎರಡು ಉಂಡೆಯಲ್ಲಿ ಎಳೆ ತುಂಡು ತುಂಡಾಗಿ ಬರುತ್ತಿತ್ತು. ಈಗ ಅರ್ಥವಾಯಿತು. ಇವತ್ತೇ ಫ್ರೀಜರಿಗೆ.

ಕಾಲಂಚು

ನನ್ನದು ಬೇರೆ ಥರ. ನನ್ನ ಗುರಿಯೆಲ್ಲ ಉಡುಗೊರೆ. ಅಕ್ಕನ ಮಗುವಿಗೆ ಹೊದಿಕೆ, ತಮ್ಮನಿಗೆ ಟೋಪಿ, ಅಮ್ಮನಿಗೆ ಶಾಲು. ತಾರೀಖು ಇದ್ದರೆ ಮಾತ್ರ ನನ್ನ ಕೈ ಓಡುತ್ತೆ.

ಬಿಚ್ಚಿಹೆಣೆ

ತಾರೀಖು ಇಟ್ಟುಕೊಂಡು ಹೆಣೆಯುವುದು ನನಗೆ ಹಿಡಿಸಲ್ಲ. ಕೊನೇ ವಾರದ ಸಾಲುಗಳಲ್ಲಿ ಆತುರ ಎದ್ದು ಕಾಣುತ್ತೆ. ಪಡೆದವರಿಗೆ ಗೊತ್ತಾಗದೇ ಇರಬಹುದು, ಹೆಣೆದವರಿಗೆ ಪ್ರತಿ ಸಲ ನೋಡಿದಾಗಲೂ ಗೊತ್ತಾಗುತ್ತೆ.

ಕಾಲಂಚು

ಅಮ್ಮನ ಶಾಲು ತಾರೀಖಿಗೆ ಮುಗಿಯಲಿಲ್ಲ. ಕಡ್ಡಿಯ ಮೇಲಿದ್ದ ಹಾಗೇ ತೋರಿಸಿದೆ. ಅವರು ಅದನ್ನು ತೊಡೆ ಮೇಲೆ ಹಾಕಿಕೊಂಡು ಒಂದೊಂದು ಎಲೆಯ ವಿನ್ಯಾಸವನ್ನೂ ಬೆರಳಲ್ಲಿ ಸವರಿ ನೋಡಿದರು. ಇನ್ನೂ ಎಷ್ಟು ದಿನ ಬೇಕಾದರೂ ತಗೋ ಅಂದರು. ಅವರಿಗಾಗಿ ಅಂತ ಇದ್ದದ್ದರಿಂದಲೇ ಅಷ್ಟು ಕಷ್ಟದ ಲೇಸಿಗೆ ಕೈ ಹಾಕಿದೆ ನಾನು. ನನಗೇ ಅಂತ ಇದ್ದಿದ್ದರೆ ಹಾಕುತ್ತಿರಲಿಲ್ಲ.

ಬಿಚ್ಚಿಹೆಣೆ

ಇದನ್ನು ಓದಿದ ಮೇಲೆ ನಾನು ವಾದ ಮಾಡಲ್ಲ. ಶಾಲಿನ ಫೋಟೋ ಹಾಕಿ.

ಹೊಸಕೈ

ಮಧ್ಯೆ ಒಂದು ಪ್ರಶ್ನೆ, ಬೈಬೇಡಿ. ಕ್ರೋಶಾ ಕೂಡ ಕಲಿಯಬೇಕು ಅಂತ ಒಂದು ಪ್ಯಾಟರ್ನ್ ತೆಗೆದೆ. "ಡಬಲ್ ಕ್ರೋಶೆ" ಅಂತಿದೆ. ವಿಡಿಯೋದಲ್ಲಿ ಉದ್ದ ಸ್ಟಿಚ್ ತೋರಿಸುತ್ತಾರೆ, ಪ್ಯಾಟರ್ನಿನ ಫೋಟೋದಲ್ಲಿ ಗಿಡ್ಡ ಇದೆ. ಏನು ತಪ್ಪು ಮಾಡುತ್ತಿದ್ದೇನೆ?

ಕೊಕ್ಕೆಕೈ

ನೀವು ಏನೂ ತಪ್ಪು ಮಾಡಿಲ್ಲ! ಅದು ಬ್ರಿಟಿಷ್ ಪ್ಯಾಟರ್ನ್. ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಬ್ರಿಟಿಷರು ಡಬಲ್ ಅನ್ನುತ್ತಾರೆ. ಅಮೆರಿಕದ ಡಬಲ್ ಅವರಿಗೆ ಟ್ರೆಬಲ್. ಬ್ರಿಟಿಷ್ ಪ್ಯಾಟರ್ನಿನಲ್ಲಿ ಸಿಂಗಲ್ ಕ್ರೋಶೆ ಅನ್ನುವ ಹೆಸರೇ ಬರಲ್ಲ. ಹಾಗಾಗಿ ಪ್ಯಾಟರ್ನಿನಲ್ಲಿ "ಸಿಂಗಲ್" ಕಂಡರೆ ಅದು ಅಮೆರಿಕದ್ದು ಅಂತ ತಿಳಿಯಿರಿ. ನಾನು ಇದು ಗೊತ್ತಿಲ್ಲದೆ ಒಂದು ಗೊಂಬೆಯನ್ನು ಎರಡು ಪಟ್ಟು ಉದ್ದ ಮಾಡಿದ್ದೆ, ಹತ್ತಿ ಎಲ್ಲ ತೂತಿನಿಂದ ಹೊರಗೆ ಇಣುಕುತ್ತಿತ್ತು.

ಮೂರನೇ_ಸುತ್ತು

ಚಿತ್ರದ ಚಾರ್ಟ್ ಓದಲು ಕಲಿಯಿರಿ. ಅದರಲ್ಲಿ ಭಾಷೆಯ ಜಗಳವೇ ಇಲ್ಲ. ಜಪಾನಿನ ಪ್ಯಾಟರ್ನ್ ಕೂಡ ಮಾಡಬಹುದು. ಈ ವರ್ಷ ನನ್ನ ಕಲಿಕೆಯ ಗುರಿ ಅದೇ.

ಹಸಿರೆಳೆ

ಕೈ ನೋವಿನ ಬಗ್ಗೆ ಯಾರೂ ಮಾತಾಡಿಲ್ಲ. ಗುರಿ ಇಟ್ಟ ವರ್ಷವೇ ನನಗೆ ಹೆಬ್ಬೆರಳಿನ ಬುಡ ಊದಿದ್ದು. ರಾತ್ರಿ ಮೂರು ಗಂಟೆ ಒಂದೇ ಸಮ ಕೂರುತ್ತಿದ್ದೆ. ಮಣಿಕಟ್ಟಿನಲ್ಲಿ ಜುಮ್ ಅಂತಿದ್ದರೂ "ಈ ಸಾಲು ಒಂದು" ಅಂತ ಮುಂದುವರಿಸಿದೆ. ಕೊನೆಗೆ ಏಳು ವಾರ ಕಡ್ಡಿ ಮುಟ್ಟಲಾಗಲಿಲ್ಲ. ಈಗ 25 ನಿಮಿಷಕ್ಕೆ ಅಲಾರಂ. ಹೊಡೆದ ತಕ್ಷಣ ಸಾಲು ಅರ್ಧವಿದ್ದರೂ ಇಡುತ್ತೇನೆ, ಎದ್ದು ಓಡಾಡಿ ಬರುತ್ತೇನೆ. ಜುಮ್ ಅನ್ನುವುದು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ತಡಮಾಡಬೇಡಿ.

ಲೆಕ್ಕದ_ಸಾಲು

ನನ್ನ ಅರ್ಧ ಗಂಟೆ ಲೆಕ್ಕವನ್ನು ದಯವಿಟ್ಟು ವಾರದ ಕೊನೆಗೆ ಒಟ್ಟಿಗೆ ಮೂರೂವರೆ ಗಂಟೆ ಅಂತ ಮಾಡಬೇಡಿ. ಹಸಿರೆಳೆ ಹೇಳಿದ್ದು ಎಲ್ಲರೂ ಓದಲಿ.

ಕಾಲಂಚು

ನನಗೆ ಬಿದಿರಿನ ಕಡ್ಡಿಗೆ ಬದಲಾದ ಮೇಲೆ ನೋವು ಕಮ್ಮಿಯಾಯಿತು.

ಅಂಚುಪಟ್ಟಿ

ನನಗೆ ಉಲ್ಟಾ. ಬಿದಿರಿನಲ್ಲಿ ನೂಲು ಹಿಡಿದುಕೊಳ್ಳುತ್ತೆ, ತಳ್ಳಿ ತಳ್ಳಿ ಬೆರಳು ನೋಯುತ್ತೆ. ಲೋಹದ್ದರಲ್ಲಿ ಜಾರುತ್ತೆ. ಬಿಗಿಯಾಗಿ ಹೆಣೆಯುವವರಿಗೆ ಲೋಹ, ಸಡಿಲ ಹೆಣೆಯುವವರಿಗೆ ಬಿದಿರು ಅನ್ನುವುದು ನನ್ನ ಅನುಭವ.

ನೂಲುಂಡೆ

ಎಲ್ಲರ ಮಾತೂ ಓದಿ, ಎರಡು ದಿನ ಯೋಚಿಸಿ ಪುಟ ಹೊಸದಾಗಿ ಬರೆದೆ. ಈ ಸಲ 24 ಇಲ್ಲ.

ಕಾರ್ಡಿಗನ್ನಿನ ಮೈ ಭಾಗ ಬಿಚ್ಚುತ್ತೇನೆ. ಹೇಳುವಾಗಲೇ ಹೊಟ್ಟೆ ಚುರುಕ್ ಅನ್ನುತ್ತೆ, ಆದರೆ ದೊಗಳೆ ಕಾರ್ಡಿಗನ್ ನಾನು ಹಾಕಿಕೊಳ್ಳಲ್ಲ ಅಂತ ನನಗೇ ಗೊತ್ತು. ನೂಲು ತೊಳೆದು, ಅದರಲ್ಲೇ ದೊಡ್ಡ ಸ್ವಾಚ್ ಹಾಕಿ, ತೊಳೆದು ಅಳೆದು ಮತ್ತೆ ಶುರು. ಎರಡು ತೋಳನ್ನೂ ಒಂದೇ ಉದ್ದ ಕೇಬಲ್ ಕಡ್ಡಿಯ ಮೇಲೆ, ಎರಡು ಉಂಡೆಯಿಂದ ಒಟ್ಟಿಗೆ ಹೆಣೆಯುತ್ತೇನೆ. ಆಗ ಒಂದು ತೋಳು ಮುಗಿದು ಇನ್ನೊಂದು ನಿಲ್ಲುವ ಮಾತೇ ಬರಲ್ಲ.

ಕಲಿಯುವುದು ಪೈ ಶಾಲು. ಕ್ರೋಶಾ ಹೊದಿಕೆಯ 40 ಸಾಲಿಗೆ ನನ್ನ ಉತ್ತರ ಇಲ್ಲ ಅಂತಲೇ ಬಂತು. ಅದನ್ನು ಬಿಚ್ಚಿ ವಾರಕ್ಕೊಂದು ಚೌಕ ಹಾಕುತ್ತೇನೆ, 54. ಎಲ್ಲಕ್ಕೂ ಮೊದಲು ಒಂಟಿ ಕಾಲುಚೀಲಕ್ಕೆ ಜೊತೆ.

ಟೋಪಿ ಎಷ್ಟು ಬೇಕಾದರೂ ಹೆಣೆಯಬಹುದು, ಆದರೆ ಪುಟದಲ್ಲಿ ಬರೆಯಲ್ಲ.

ಎರಡು_ಕಡ್ಡಿ

ಓದಿ ತುಂಬಾ ಖುಷಿಯಾಯಿತು. ಪೈ ಶಾಲು ಶುರು ಮಾಡುವ ದಿನ ಹೇಳಿ, ನಾನೂ ಜೊತೆಗೆ ಒಂದು ಹಾಕುತ್ತೇನೆ.

ಹೊಸಕೈ

ನಾನೂ ಬರಬಹುದಾ? ದಾರ ತಂದಿಟ್ಟಿದ್ದೇನೆ.

ಎರಡು_ಕಡ್ಡಿ

ಬನ್ನಿ ಬನ್ನಿ.

ನೂಲುಂಡೆ

ಕಾಲುಚೀಲಕ್ಕೆ ಇವತ್ತು ರಾತ್ರಿ 64 ಸ್ಟಿಚ್ ಹಾಕಿದೆ. ಆದರೆ ಮೊದಲನೆಯದರಲ್ಲಿ ಎಷ್ಟು ಸುತ್ತು ಹೆಣೆದಿದ್ದೆ ಅಂತ ಎಲ್ಲೂ ಬರೆದಿಲ್ಲ. ಹಿಮ್ಮಡಿ ಹೇಗೆ ಮಾಡಿದ್ದೆ ಅಂತಲೂ ನೆನಪಿಲ್ಲ. ಹೇಗೆ ಸರಿಹೊಂದಿಸಲಿ?

ಲೆಕ್ಕದ_ಸಾಲು

ಮೊದಲನೆಯದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹಿಗ್ಗಿಸಿ. ನಿಟ್ ಸ್ಟಿಚ್ ವಿ ಆಕಾರದಲ್ಲಿ ಕಾಣುತ್ತೆ. ಒಂದೇ ಕಂಬ ಹಿಡಿದು ಮೇಲಿನಿಂದ ಕೆಳಕ್ಕೆ ಎಣಿಸಿ. ಹತ್ತಕ್ಕೊಂದು ಗುಂಡುಸೂಜಿ ಚುಚ್ಚುತ್ತಾ ಹೋಗಿ, ಲೆಕ್ಕ ತಪ್ಪಲ್ಲ. ಎಣಿಸಿದ್ದನ್ನು ಈ ಸಲ ಬರೆದಿಡಿ.

ತಾಳ್ಮೆ64

ಹಿಮ್ಮಡಿಯ ಪಕ್ಕದಲ್ಲಿ ಸರಪಳಿ ಹಾಗೆ ಉದ್ದ ಸ್ಟಿಚ್ ಸಾಲಾಗಿ ಕಾಣುತ್ತಾ? ಕಂಡರೆ ಅದು ಹೀಲ್ ಫ್ಲಾಪ್, ಹಿಮ್ಮಡಿಯ ಹಿಂಭಾಗದ ಪಟ್ಟಿ. 64ರಲ್ಲಿ ಅರ್ಧ, 32 ಸ್ಟಿಚ್ ಮೇಲೆ 32 ಸಾಲು. ಪ್ರತಿ ಸಾಲಿನ ಮೊದಲ ಸ್ಟಿಚ್ ಹೆಣೆಯದೆ ಜಾರಿಸಿ. ಕೊನೆಗೆ ಒಂದೊಂದು ಪಕ್ಕದಲ್ಲಿ 16 ಸರಪಳಿ ಸಿಗುತ್ತೆ, ಅವನ್ನೇ ಎತ್ತಿಕೊಳ್ಳಬೇಕು.

ನೂಲುಂಡೆ

ಕಾಣುತ್ತಿದೆ. ಎಣಿಸಿದೆ, ಸರಿಯಾಗಿ 16. ಮೇಲ್ಭಾಗ 62 ಸುತ್ತು. ಬರೆದಿಟ್ಟೆ.